ಒಂದನೇ ನಂಬರಿನ ಬೀಜ

ಸಂಘದಲ್ಲಿ ಹೆಸರು ಕೂಗುವ ಪದ್ಧತಿ ಇರಲಿಲ್ಲ. ಹೆಸರು ಕೂಗಿದರೆ ಅದರ ಹಿಂದೆಯೇ ಮನೆತನ, ಗಂಡನ ಕಡೆ, ತವರಿನ ಕಡೆ ಎಲ್ಲ ಸಾಲುಗಟ್ಟಿ ಬರುತ್ತದೆ ಎಂದು ಸಂಘ ಕಟ್ಟಿದ ದೊಡ್ಡಮ್ಮ ಮೊದಲ ದಿನವೇ ಹೇಳಿಬಿಟ್ಟಿದ್ದಳು. ಹಾಗಾಗಿ ಬರೀ ನಂಬರು. ಹದಿನೈದು ದಿನಕ್ಕೊಮ್ಮೆ ಬುಧವಾರ ಮಧ್ಯಾಹ್ನ, ಊಟದ ಪಾತ್ರೆ ತೊಳೆದಿಟ್ಟ ಮೇಲೆ, ಬೀಜದ ಮನೆಯ ಪಕ್ಕದ ಹಂಚಿನ ಕೋಣೆಯಲ್ಲಿ ಎಲ್ಲರೂ ಚಾಪೆ ಹಾಸಿಕೊಂಡು ಕೂರುತ್ತಿದ್ದರು. ಕಾರ್ಯದರ್ಶಿ ನಂಬರು ಕೂಗುತ್ತಿದ್ದಳು, ಒಬ್ಬೊಬ್ಬರೂ 'ಇದ್ದೀನಿ' ಅನ್ನುತ್ತಿದ್ದರು. ಜೈಲಿನಲ್ಲೂ ಹೀಗೇ ಕೂಗುತ್ತಾರೆ, ಆದರೆ ಅಲ್ಲಿ ಊಟ ಹಾಕುತ್ತಾರೆ ಎಂದು ಏಳನೇ ನಂಬರಿನ ದರ್ಜಿ ಹದಿನೆಂಟು ವರ್ಷದಿಂದ ಅದೇ ತಮಾಷೆ ಹೇಳುತ್ತಿದ್ದ, ಜನವೂ ಸೌಜನ್ಯಕ್ಕೆ ನಗುತ್ತಿದ್ದರು.

ಒಬ್ಬರ ಕೈಲಾಗದ್ದನ್ನು ಇಪ್ಪತ್ತನಾಲ್ಕು ಜನ ಸೇರಿ ಮಾಡುವುದು, ಇಷ್ಟೇ ಸಂಘದ ಕೆಲಸ. ಗುಡ್ಡದ ಇಳಿಜಾರಿಗೆ ಕಲ್ಲಿನ ಒಡ್ಡು ಹಾಕಿ ಬತ್ತಿದ್ದ ಎರಡು ಬಾವಿಗೆ ನೀರು ಬರಿಸಿದ್ದರು. ಬಿತ್ತುವ ಹೊತ್ತಿಗೆ ಯಾರ ಮನೆಯಲ್ಲಿ ಬೀಜ ಇಲ್ಲವೋ ಅವರಿಗೆ ಬೀಜದ ಮನೆಯಿಂದ ಅಳೆದು ಕೊಟ್ಟು, ಬೆಳೆ ಬಂದಾಗ ಅಷ್ಟೇ ಬೀಜ ವಾಪಸು ತರಿಸುತ್ತಿದ್ದರು. ಹೇಳಿಕೊಳ್ಳುವಂಥ ದೊಡ್ಡ ಕೆಲಸವೇನಲ್ಲ. ಆದರೆ ಆ ಊರಿನಲ್ಲಿ ಖಾಲಿ ಹೊಟ್ಟೆಯಲ್ಲಿ ಮಲಗುವ ಮಕ್ಕಳು ಕಡಿಮೆಯಾಗಿದ್ದರೆ ಅದು ಈ ಹಂಚಿನ ಕೋಣೆಯಿಂದ.

ಒಂದನೇ ನಂಬರು ದೊಡ್ಡಮ್ಮನದು. ಆಕೆ ಸತ್ತು ಮೂರು ವರ್ಷವಾಗಿತ್ತು. ಹತ್ತೊಂಬತ್ತನೇ ನಂಬರು ಆಕೆಯ ಮಗಳದು. ಈಗಿನ ಕಾರ್ಯದರ್ಶಿ ಅವಳೇ. ಸಂಘದ ದಪ್ಪ ಪುಸ್ತಕ ಸದಾ ಕಂಕುಳಲ್ಲಿ ಇರುತ್ತಿದ್ದುದರಿಂದ ಅವಳನ್ನು ಎಲ್ಲರೂ ಪುಸ್ತಕದಕ್ಕ ಅನ್ನುತ್ತಿದ್ದರು.

ಸತ್ತವಳ ನಂಬರು ಪುಸ್ತಕದಲ್ಲಿ ಏಕೆ ಉಳಿಯಿತು ಅಂದರೆ, ತೆಗೆಯಲು ನಿಯಮ ಬಿಡಲಿಲ್ಲ. ಸಂಘ ಹುಟ್ಟಿದ ವರ್ಷ ಮೂವರು ಗಂಡಂದಿರು ಬಾಗಿಲಿಗೆ ಬಂದು, ನಮ್ಮ ಹೆಂಡತಿ ಸಂಘ ಬಿಟ್ಟಿದ್ದಾಳೆ, ನಂಬರು ಹೊಡೆದುಹಾಕಿ ಎಂದಿದ್ದರು. ದೊಡ್ಡಮ್ಮ ಅವರನ್ನು ಅಲ್ಲೇ ನಿಲ್ಲಿಸಿ ಪುಸ್ತಕದ ಮೊದಲ ಹಾಳೆಯಲ್ಲಿ ಒಂದು ನಿಯಮ ಬರೆಸಿದಳು. ಒಬ್ಬರ ಬದಲು ಇನ್ನೊಬ್ಬರು ಬಾಯಿ ಬಿಡಕೂಡದು. ಸೇರುವುದು, ಬಿಡುವುದು, ಬೀಜ ಹಾಕುವುದು, ಎಲ್ಲಕ್ಕೂ ಅವರದೇ ಬಾಯಿ, ಅವರದೇ ಕೈ. ದೊಡ್ಡಮ್ಮ ಬಾಯಿಬಿಟ್ಟು ಸಂಘ ಬಿಡುತ್ತೇನೆ ಅಂದಿರಲಿಲ್ಲ. ಇನ್ನು ಅನ್ನುವ ಹಾಗೂ ಇರಲಿಲ್ಲ.

ಅವಳು ಸತ್ತ ಮೇಲಿನ ಮೊದಲ ಸಭೆಯಲ್ಲಿ ಪುಸ್ತಕದಕ್ಕ ರೂಢಿಯಂತೆ 'ಒಂದು' ಎಂದು ಕೂಗಿಬಿಟ್ಟಳು. ಕೋಣೆ ಗಪ್‌ಚಿಪ್ಪಾಯಿತು. ಆ ಮೌನ ತಡೆಯಲಾರದೆ ಅವಳೇ, ಅಮ್ಮನ ಹಾಗೆ ಗಂಟಲು ಸ್ವಲ್ಪ ಒರಟು ಮಾಡಿ, 'ಇದ್ದೀನಿ' ಅಂದಳು. ಕೇಳಿದವರ ಕಣ್ಣಲ್ಲಿ ನೀರು ಬಂತು. ಮುಂದಿನ ಸಭೆಯಲ್ಲೂ ಹಾಗೇ ಹೇಳಿದಳು, ಅದರ ಮುಂದಿನದರಲ್ಲೂ. ಬೀಜ ಹಾಕುವಾಗ ಅಮ್ಮನ ಪಾಲಿನದು ಎಂದು ಒಂದು ಬಿಳಿ ಬೀಜ ತಾನೇ ಹಾಕತೊಡಗಿದಳು. ನಿಯಮದ ಮೊದಲ ಹಾಳೆ ಮುರಿಯುತ್ತಿದ್ದೇವೆ ಎಂದು ಯಾರಿಗೂ ಅನ್ನಿಸಲಿಲ್ಲ. ಪ್ರೀತಿಯಿಂದ ಮಾಡುವ ತಪ್ಪು ತಪ್ಪಿನ ಹಾಗೆ ಕಾಣುವುದಿಲ್ಲ, ಅದೇ ಅದರ ತೊಂದರೆ.

ಬೀಜ ಹಾಕುವುದೆಂದರೆ ಹೀಗೆ. ಪ್ರತಿಯೊಬ್ಬರಿಗೂ ಒಂದು ಬಿಳಿ, ಒಂದು ಕರಿ ಅಲಸಂದೆ ಬೀಜ ಕೊಡುತ್ತಾರೆ. ಒಪ್ಪಿಗೆಯಾದರೆ ಬಿಳಿ, ಇಲ್ಲವಾದರೆ ಕರಿ. ಮುಷ್ಟಿಯಲ್ಲಿ ಹಿಡಿದು ತಂದು ಮಡಕೆಗೆ ಬಿಡಬೇಕು. ಮಡಕೆಯ ಬಾಯಿ ಒಂದು ಕೈ ಕಷ್ಟಪಟ್ಟು ಹೋಗುವಷ್ಟು ಮಾತ್ರ. ಒಂದೇ ಒಂದು ಕರಿ ಬಂದರೂ ಆ ಕೆಲಸ ನಿಂತಂತೆ. ಹತ್ತು ಜನ ಸೇರಿ ಒಬ್ಬನ ಬಾಯಿ ಮುಚ್ಚಿಸುವುದಾದರೆ ಅದಕ್ಕೆ ಸಂಘ ಯಾಕೆ, ಊರೇ ಇದೆಯಲ್ಲ ಎಂದು ದೊಡ್ಡಮ್ಮ ಹೇಳುತ್ತಿದ್ದಳು.

ಆ ವರ್ಷ ಸಂಘದ ಮುಂದೆ ಇದ್ದುದು ಒಣಗಿಸುವ ಕೊಠಡಿಯ ವಿಷಯ. ಊರಿನ ತರಕಾರಿ ಸೊಪ್ಪು ಅರ್ಧಕ್ಕರ್ಧ ಕೊಳೆತು ತಿಪ್ಪೆ ಸೇರುತ್ತಿತ್ತು. ಬಿಸಿಲಿನಿಂದಲೇ ಓಡುವ ಒಣಗಿಸುವ ಯಂತ್ರವೊಂದು ಪಕ್ಕದ ಸಂಘಗಳ ಒಕ್ಕೂಟದಲ್ಲಿತ್ತು. ತಿಂಗಳು ಮುಗಿಯುವುದರೊಳಗೆ ಜಾಗ ತೋರಿಸಿದರೆ ಇವರಿಗೆ, ಇಲ್ಲವಾದರೆ ಬೇರೆ ಊರಿಗೆ. ಹೊಲದಲ್ಲಿ ಕೆಲಸವಿಲ್ಲದ ನಾಲ್ಕು ತಿಂಗಳು ಹನ್ನೊಂದು ಮನೆಗೆ ಕೆಲಸ ಸಿಗುತ್ತಿತ್ತು. ಅದರಲ್ಲಿ ಒಂದು ಮನೆ ಪುಸ್ತಕದಕ್ಕನ ನಾದಿನಿಯದು. ಗಂಡ ಸತ್ತ ಮೇಲೆ ಎರಡು ಮಕ್ಕಳನ್ನು ಕಟ್ಟಿಕೊಂಡು ಆಕೆ ಹೇಗೋ ಬಾಳುತ್ತಿದ್ದಳು. ಕೊಠಡಿ ಆಗದಿದ್ದರೆ ಮಕ್ಕಳ ಸಮೇತ ಕಲ್ಲಿನ ಕ್ವಾರಿಗೆ ಹೋಗುವುದು ಎಂದು ಗಂಟುಮೂಟೆ ಕೂಡ ಕಟ್ಟಿಟ್ಟಿದ್ದಳು.

ಕೊಠಡಿಗೆ ಬಿಸಿಲು ಸರಿಯಾಗಿ ಬೀಳುವ ಜಾಗ ಒಂದೇ, ಬೀಜದ ಮನೆ ಇರುವ ಜಾಗ. ಅದನ್ನು ಕೆಡವಬೇಕು, ಬೀಜದ ಡಬ್ಬಗಳನ್ನು ಹಂಚಿನ ಕೋಣೆಗೆ ಸಾಗಿಸಬೇಕು. ದೊಡ್ಡಮ್ಮ ಕೊನೆಯ ಎರಡು ತಿಂಗಳು ಮಲಗಿದ್ದುದೂ ಜೀವ ಬಿಟ್ಟಿದ್ದೂ ಅದೇ ಬೀಜದ ಮನೆಯಲ್ಲಿ. ಕೆಡವೋಣ ಎಂದು ಸಭೆಗೆ ತಂದವಳು ಪುಸ್ತಕದಕ್ಕನೇ. ಸಂಬಂಧ ಕಲ್ಲುಮಣ್ಣಿನಲ್ಲಿ ಇರುವುದಿಲ್ಲ ಎಂದು ಅವಳು ಗಟ್ಟಿಯಾಗಿ ಹೇಳಿದಾಗ ಎಲ್ಲರೂ ತಲೆದೂಗಿದರು.

ಮಡಕೆ ಬೋರಲು ಹಾಕಿ ಎಣಿಸಿದರು. ಇಪ್ಪತ್ತಮೂರು ಬಿಳಿ, ಒಂದು ಕರಿ.

"ಯಾರೋ ಕೈತಪ್ಪಿ ಹಾಕಿರಬೇಕು," ಎಂದ ದರ್ಜಿ. "ನನ್ನ ಕಣ್ಣಿಗೂ ಈಗೀಗ ಬಿಳಿ ದಾರ ಕರಿ ದಾರ ಒಂದೇ. ಮುಂದಿನ ಸಭೆಯಲ್ಲಿ ಇನ್ನೊಂದು ಸಲ ಹಾಕಿದರಾಯ್ತು."

ಎಲ್ಲರೂ ಹಾಗೇ ಅಂದರು, ಎದ್ದು ಹೋದರು. ಆದರೆ ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಜನ. ಯಾರ ಮನೆಗೆ ಹೋದರೂ 'ನಾನಂತೂ ಬಿಳೀನೇ ಹಾಕಿದ್ದು' ಎಂಬ ಮಾತು. ಮೂರು ದಿನ ಕಳೆಯುವುದರೊಳಗೆ ಆ ಮಾತಿಗೆ ಬಾಲ ಬೆಳೆಯಿತು. ಬೀಜದ ಮನೆ ಯಾರ ತಾಯಿ ಸತ್ತ ಜಾಗ, ಬಾಯಲ್ಲಿ ಕೆಡವೋಣ ಅನ್ನೋದು, ಕೈಯಲ್ಲಿ ಕರಿ ಹಾಕೋದು, ಯಾರಿಗೆ ಗೊತ್ತಾಗುತ್ತೆ. ಬಾವಿಕಟ್ಟೆಯಲ್ಲಿ ಪುಸ್ತಕದಕ್ಕ ಬಂದ ಕೂಡಲೇ ಮಾತು ನಿಲ್ಲತೊಡಗಿತು.

ಅವಳು ಹಾಕಿದ್ದು ಎರಡೂ ಬಿಳಿಯೇ, ತನ್ನದೊಂದು, ಅಮ್ಮನದೊಂದು. ಎರಡನೇ ಸಭೆಯಲ್ಲಿ ಅವಳೊಂದು ಉಪಾಯ ಮಾಡಿದಳು. ಅಮ್ಮನ ನಂಬರಿಗೆ 'ಇದ್ದೀನಿ' ಅಂದಳು, ಆದರೆ ಅಮ್ಮನ ಪಾಲಿನ ಬೀಜ ಹಾಕಲಿಲ್ಲ. ಬದುಕಿರುವವರು ಇಪ್ಪತ್ತಮೂರು, ಮಡಕೆಯಲ್ಲಿ ಇಪ್ಪತ್ತಮೂರೇ ಬೀಜ ಬರಬೇಕು. ಅದರಲ್ಲಿ ಕರಿಯಿದ್ದರೆ ಬದುಕಿರುವ ಯಾರೋ ಹಾಕಿದ್ದು ಎಂದು ಖಾತ್ರಿಯಾಗುತ್ತದೆ.

ಚಾಪೆಯ ಮೇಲೆ ಬೀಜ ಸುರಿದು ಎಣಿಸಿದಳು. ಇಪ್ಪತ್ತಮೂರು ಬಿಳಿ. ಮಡಕೆಯನ್ನು ಇನ್ನೊಮ್ಮೆ ತಟ್ಟಿದಳು. ಒಂದು ಕರಿ ಬೀಜ ತಡವಾಗಿ ಉರುಳಿ ಬಂದು ಅವಳ ಮೊಣಕಾಲಿಗೆ ತಗಲಿ ನಿಂತಿತು. ಎತ್ತಿಕೊಂಡರೆ ಅದು ಬೆಚ್ಚಗಿತ್ತು. ತುಂಬ ಹೊತ್ತು ಯಾರೋ ಮುಷ್ಟಿಯಲ್ಲಿ ಹಿಡಿದಿದ್ದ ಹಾಗೆ ಸ್ವಲ್ಪ ಬೆವರೂ ಹತ್ತಿತ್ತು.

ಇಪ್ಪತ್ತನಾಲ್ಕು ಹಾಜರಿ, ಇಪ್ಪತ್ತನಾಲ್ಕು ಬೀಜ, ಬೇರೆಯವರ ಲೆಕ್ಕಕ್ಕೆ ಎಲ್ಲ ಸರಿಯಾಗಿಯೇ ಇತ್ತು. ತಪ್ಪಿದ್ದು ಅವಳೊಬ್ಬಳ ಲೆಕ್ಕ. ಹೋದ ಸಲ ಅಮ್ಮನ ಪಾಲಿಗೆಂದು ತಾನು ಹಾಕಿದ ಬಿಳಿಯೇ ಕರಿಯಾಗಿ ಬಂದಿತ್ತು ಎಂದು ಅವಳಿಗೆ ಈಗ ಹೊಳೆಯಿತು.

ಹೊರಗೆ ಬಂದಾಗ ನಾದಿನಿ ಜಗಲಿ ಕಂಬ ಹಿಡಿದುಕೊಂಡು ನಿಂತಿದ್ದಳು.

"ಅತ್ತಿಗೆ, ಇಷ್ಟು ವರ್ಷ ನಿಮ್ಮನ್ನ ಒಡಹುಟ್ಟಿದವಳು ಅಂದುಕೊಂಡಿದ್ದೆ. ನಿಮಗೆ ಆ ಮನೆ ಕೆಡವೋಕೆ ಮನಸ್ಸಿಲ್ಲ ಅಂದ್ರೆ ನೇರವಾಗಿ ಹೇಳಿ. ನಾನು ಮಕ್ಕಳನ್ನ ಕರೆದುಕೊಂಡು ಹೊರಡ್ತೀನಿ. ಹೀಗೆ ನಂಬಿಸಿ ಕುತ್ತಿಗೆ ಕೊಯ್ಯಬೇಡಿ."

"ನಾನು ಹಾಕಿಲ್ಲ ಕಣೇ."

"ಮತ್ತೆ ದೆವ್ವ ಹಾಕ್ತಾ?"

ಪುಸ್ತಕದಕ್ಕ ಪುಸ್ತಕವನ್ನು ಕಂಕುಳಿಗೆ ಒತ್ತಿಕೊಂಡು ಮನೆಯ ಕಡೆ ನಡೆದಳು.

ಎರಡನೇ ನಂಬರು ಊರಿನ ಸೂಲಗಿತ್ತಿ ಅಜ್ಜಿಯದು. ದೊಡ್ಡಮ್ಮನ ಜೊತೆ ಸಂಘ ಶುರುಮಾಡಿದವಳು, ಊರಿನ ಅರ್ಧ ಜನರನ್ನು ತನ್ನ ಕೈಯಲ್ಲೇ ಭೂಮಿಗಿಳಿಸಿದವಳು, ಹಾಗಾಗಿ ಯಾರನ್ನೂ ಅಷ್ಟಾಗಿ ಲೆಕ್ಕಕ್ಕೆ ಇಡದವಳು. ಮರುದಿನ ಬೆಳಿಗ್ಗೆ ಪುಸ್ತಕದಕ್ಕ ಹೋದಾಗ ಅಂಗಳದಲ್ಲಿ ಕೂತು ಹಳೆ ಬಟ್ಟೆ ಸೀಳುತ್ತಿದ್ದಳು. ನಡೆದದ್ದನ್ನೆಲ್ಲ ಕೇಳಿಸಿಕೊಂಡಳು. ಆಶ್ಚರ್ಯ ಪಡಲಿಲ್ಲ.

"ಮೂರು ವರ್ಷದಿಂದ ಇದ್ದೀನಿ ಇದ್ದೀನಿ ಅಂತ ಅವಳ ಬಾಯಲ್ಲಿ ಹೇಳ್ತಾ ಇದ್ದೀಯ. ಇದ್ದೀನಿ ಅಂತ ಅಷ್ಟು ಸಲ ಹೇಳಿದ ಮೇಲೆ ಇರ್ತಾಳೆ. ಇರೋಳಿಗೆ ಬೀಜ ಹಾಕೋ ಹಕ್ಕಿಲ್ವಾ?"

"ಆದ್ರೆ ಕರಿ ಯಾಕಜ್ಜಿ? ಹನ್ನೊಂದು ಮನೆ ಉದ್ಧಾರ ಆಗೋ ಕೆಲಸಕ್ಕೆ ಅಮ್ಮ ಅಡ್ಡ ಬರೋಳಾ?"

ಅಜ್ಜಿ ಬಟ್ಟೆ ಸೀಳುವುದನ್ನು ನಿಲ್ಲಿಸಿ ಅವಳ ಮುಖವನ್ನೇ ನೋಡಿದಳು. "ಕೆಲಸಕ್ಕೋ, ಕೆಲಸ ತಂದವಳಿಗೋ, ನನಗೇನು ಗೊತ್ತು. ಕೊನೇಲಿ ಅವಳ ಪಕ್ಕ ಇದ್ದವಳು ನೀನು. ಬಾಯಿ ಬಿದ್ದುಹೋಗಿತ್ತು, ನಿಜ. ಬಲಗೈ ಆಡ್ತಿತ್ತಲ್ಲ."

ಬಲಗೈ ಆಡುತ್ತಿತ್ತು. ಅದು ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು. ಸಾಯುವುದಕ್ಕೆ ಒಂಬತ್ತು ದಿನ ಮುಂಚೆ ಸಭೆ ಸೇರಿತ್ತು, ದೊಡ್ಡಮ್ಮನ ಬದಲು ಕಾರ್ಯದರ್ಶಿ ಯಾರು ಎಂದು ತೀರ್ಮಾನಿಸಲು. ಎಲ್ಲರೂ ಮಗಳೇ ಆಗಲಿ ಅಂದರು. ಬೀಜ ಹಾಕಿದರು. ದೊಡ್ಡಮ್ಮನ ಬೀಜ ತರಲು ಮಗಳೇ ಬೀಜದ ಮನೆಯೊಳಗೆ ಹೋದಳು. ಎರಡೂ ಬೀಜವನ್ನು ಅಮ್ಮನ ಎದೆಯ ಮೇಲೆ ಇಟ್ಟಳು, ವಿಷಯ ಹೇಳಿದಳು. ದೊಡ್ಡಮ್ಮ ತುಂಬ ಹೊತ್ತು ಅವಳನ್ನೇ ನೋಡಿ, ಒಂದು ಬೀಜ ತೆಗೆದುಕೊಂಡು ಮುಷ್ಟಿ ಕಟ್ಟಿದಳು. ಎದೆಯ ಮೇಲೆ ಉಳಿದದ್ದು ಬಿಳಿ.

ಮಗಳು ಆ ಮುಷ್ಟಿಯನ್ನು ಬಿಡಿಸಿದಳು. ಒಂದೊಂದೇ ಬೆರಳು ಹಿಡಿದು, ಹೆಬ್ಬೆರಳಿನಿಂದ ಶುರುಮಾಡಿ, ಅಮ್ಮ ಬಿಗಿಹಿಡಿದರೂ ಬಿಡದೆ. ಕರಿ ಬೀಜವನ್ನು ಕಿತ್ತುಕೊಂಡು ಕಿಟಕಿಯಿಂದ ಎಸೆದಳು. ಬಿಳಿ ಬೀಜವನ್ನು ತಂದು ಮಡಕೆಗೆ ಹಾಕಿ, ಅಮ್ಮ ಒಪ್ಪಿದಳು ಎಂದಳು. ಹೊರಗಡೆ ಚಪ್ಪಾಳೆ ಬಿತ್ತು, ಒಳಗೆ ಮಲಗಿದ್ದವಳಿಗೂ ಅದು ಕೇಳಿಸಿರಬೇಕು. ಆಮೇಲೆ ಒಂಬತ್ತು ದಿನವೂ ದೊಡ್ಡಮ್ಮ ಆ ಕೈ ಮುಷ್ಟಿ ಕಟ್ಟಿಯೇ ಇಟ್ಟುಕೊಂಡಿದ್ದಳು.

ಅಜ್ಜಿಯ ಅಂಗಳದಿಂದ ಪುಸ್ತಕದಕ್ಕ ನೇರ ಬೀಜದ ಮನೆಗೆ ಹೋದಳು. ಹೊರಗೆ ಸುಡುಬಿಸಿಲು, ಬಾಗಿಲು ತೆರೆದರೆ ಒಳಗೆಲ್ಲ ಬೆಳಕು. ಗೋಡೆಯುದ್ದಕ್ಕೂ ಡಬ್ಬ, ಡಬ್ಬದ ಮೇಲೆ ಅಮ್ಮನ ಕೈಬರಹದ ಚೀಟಿ, ಮೂಲೆಯಲ್ಲಿ ಹಗ್ಗದ ಮಂಚ. ಹೆದರುವಂಥದ್ದು ಏನೂ ಇರಲಿಲ್ಲ. ಅವಳು ಮಂಚದ ಕಾಲುದೆಸೆಯಲ್ಲಿ ಕೂತಳು, ಆ ಎರಡು ತಿಂಗಳು ಕೂರುತ್ತಿದ್ದ ಜಾಗದಲ್ಲೇ.

"ನಾನು ಸಾಲದು ಅಂತ ತಾನೆ?" ಎಂದು ಕೇಳಿದಳು. ಮೂರು ವರ್ಷ ಎದೆಯಲ್ಲಿ ಕೊಳೆತ ಮಾತು ಅದು. "ಊರಿಗೆಲ್ಲ ಬೇಕಾದೆ, ನಿನಗೆ ಬೇಡವಾದೆ."

ತಲೆದೆಸೆಯ ಹಗ್ಗ ಕಿರ್ರೆಂದಿತು. ಮಂಚ ಆ ಕಡೆ ಒಂದಿಷ್ಟು ತಗ್ಗಿತು, ಮಲಗಿದ್ದವರು ಈ ಕಡೆಯಿಂದ ಆ ಕಡೆಗೆ ಮಗ್ಗುಲು ಬದಲಿಸಿದ ಹಾಗೆ. ಪುಸ್ತಕದಕ್ಕ ಎದ್ದು ಓಡಲಿಲ್ಲ. ಆ ಮಗ್ಗುಲು ಅವಳಿಗೆ ಗೊತ್ತಿತ್ತು. ಬೇಸರವಾದಾಗ ಅಮ್ಮ ಹಾಗೇ ಗೋಡೆಯ ಕಡೆ ತಿರುಗುತ್ತಿದ್ದಳು.

ಮೂರನೇ ಸಭೆಗೆ ಒಬ್ಬರೂ ತಪ್ಪಿಸಲಿಲ್ಲ. ತಿಂಗಳು ಮುಗಿಯಲು ಎರಡೇ ದಿನ ಉಳಿದಿತ್ತು. ಒಬ್ಬರ ಮುಖ ಒಬ್ಬರು ನೋಡದೆ ಕೂತಿದ್ದರು. ದರ್ಜಿ ಕೂಡ ಜೈಲಿನ ತಮಾಷೆ ಹೇಳಲಿಲ್ಲ. ಇನ್ನೊಂದು ಕರಿ ಬಂದರೆ ಹೋಗುವುದು ಯಂತ್ರ ಮಾತ್ರವಲ್ಲ, ಸಂಘವೇ ಎಂದು ಎಲ್ಲರಿಗೂ ಗೊತ್ತಿತ್ತು. ನಂಬಿಕೆ ಹೋದ ಮೇಲೆ ಇಪ್ಪತ್ತಮೂರು ನಂಬರು ಇಟ್ಟುಕೊಂಡು ಮಾಡುವುದೇನು.

ಪುಸ್ತಕದಕ್ಕ ಪುಸ್ತಕ ಬಿಚ್ಚಿದಳು. "ಒಂದು," ಎಂದು ಕೂಗಿ ಬಾಯಿ ಬಿಗಿಯಾಗಿ ಮುಚ್ಚಿಕೊಂಡಳು.

"ಇದ್ದೀನಿ."

ಒರಟು ಗಂಟಲು. ಯಾರೂ ತಲೆ ಎತ್ತಲಿಲ್ಲ. ಎಂದಿನಂತೆ ಅವಳೇ ಹೇಳಿದಳು ಅಂದುಕೊಂಡರು. ಸೂಲಗಿತ್ತಿ ಅಜ್ಜಿ ಮಾತ್ರ ಅವಳ ಮುಚ್ಚಿದ ತುಟಿಯನ್ನು ನೋಡಿದಳು, ಆಮೇಲೆ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

ಪುಸ್ತಕದಕ್ಕ ಹೇಗೋ ಉಳಿದ ನಂಬರು ಕೂಗಿ ಮುಗಿಸಿದಳು. ಆಮೇಲೆ ಎದ್ದು ನಿಂತು, ಒಂದೇ ಉಸಿರಿಗೆ, ಮೂರು ವರ್ಷದ ಹಿಂದೆ ಆ ಬಾಗಿಲ ಒಳಗೆ ಏನು ಮಾಡಿದೆ ಎಂದು ಹೇಳಿಬಿಟ್ಟಳು. ಮುಷ್ಟಿ, ಬೆರಳು, ಕಿಟಕಿ, ಎಲ್ಲ.

"ನಿಮ್ಮಲ್ಲಿ ಯಾರೂ ಕರಿ ಹಾಕಿಲ್ಲ. ಮೊದಲು ಮೋಸದ ಬೀಜ ಹಾಕಿದವಳು ನಾನು. ಆ ಬೀಜ ಸರಿಯಾಗಿ ಬೀಳೋ ತನಕ ಈ ಮಡಕೆ ಸರಿಹೋಗಲ್ಲ. ಕೊಠಡಿ ವಿಷಯ ಆಮೇಲೆ. ಮೊದಲು ನಾನು ಕಾರ್ಯದರ್ಶಿ ಆಗಬೇಕಾ ಬೇಡವಾ, ಅದಕ್ಕೆ ಹಾಕಿ."

ದರ್ಜಿ ಕೆಮ್ಮಿದ.

"ತಪ್ಪು ಮಾಡಿದ್ದೀಯಮ್ಮ. ಆದ್ರೆ ಮೂರು ವರ್ಷ ನೀನು ಪುಸ್ತಕ ನಡೆಸಿದ ರೀತಿ ನಾವೂ ನೋಡಿದ್ದೀವಿ. ತಂದೆ ತಾಯಿ ಹತ್ರ ಹೌದು ಅನ್ನಿಸ್ಕೋಬೇಕು ಅಂತ ಯಾರಿಗೆ ಆಸೆ ಇರಲ್ಲ ಹೇಳು." ಹಾಗೆಂದು ಎಲ್ಲರಿಗಿಂತ ಮೊದಲು ಎದ್ದು ಬೀಜ ಹಾಕಿದ. ನಾದಿನಿ ಅಳುತ್ತಲೇ ಬಂದು ಹಾಕಿ ಹೋದಳು. ಎಲ್ಲರದೂ ಮುಗಿದ ಮೇಲೆ ಪುಸ್ತಕದಕ್ಕ ಮಡಕೆಯ ಬಾಯಿ ತೆರೆದೇ ಬಿಟ್ಟು ಇನ್ನೊಬ್ಬರು ಬಂದು ಹಾಕಿ ಹೋಗುವಷ್ಟು ಹೊತ್ತು ಕಾದಳು. ಚಾಪೆಯ ಅಂಚು ಒಂದು ಸಲ ಮಡಚಿಕೊಂಡು ಬಿಚ್ಚಿಕೊಂಡಿತು, ಗಾಳಿ ಇರಲಿಲ್ಲ.

ಬೋರಲು ಹಾಕಿದಳು. ಎಣಿಸಿದಳು. ಇಪ್ಪತ್ತಮೂರೂ ಬಿಳಿ.

ಜನರ ಮುಖ ಅರಳಿತು. "ಆಯ್ತಲ್ಲ," ಎಂದ ದರ್ಜಿ. "ಇನ್ನೇನು, ನೀನೇ ನಮ್ಮ ಕಾರ್ಯದರ್ಶಿ."

ಮಡಕೆ ಅವಳ ತೊಡೆಯ ಮೇಲಿತ್ತು. ಖಾಲಿ ಮಡಕೆಗೆ ಇರಬಾರದಷ್ಟು ಭಾರವಾಗಿತ್ತು. ತಟ್ಟಿದಳು, ಏನೂ ಬೀಳಲಿಲ್ಲ. ಅಲ್ಲಿಗೇ ಬಿಟ್ಟುಬಿಡಬಹುದಿತ್ತು. ಇಪ್ಪತ್ತಮೂರು ಜನ ಒಪ್ಪಿ ಆಗಿತ್ತು, ತಪ್ಪು ಒಪ್ಪಿಕೊಂಡೂ ಆಗಿತ್ತು, ಇನ್ನೂ ಹುತ್ತಕ್ಕೆ ಕೈ ಹಾಕು ಎಂದು ಅವಳನ್ನು ಯಾರೂ ಕೇಳುತ್ತಿರಲಿಲ್ಲ. ಬಿಟ್ಟುಬಿಡಬೇಕು ಎಂದು ಅವಳಿಗೆ ತುಂಬ, ತುಂಬ ಆಸೆಯಾಯಿತು.

ಬಳೆ ಹಿಂದಕ್ಕೆ ಸರಿಸಿ ಮಡಕೆಯೊಳಗೆ ಕೈ ಇಳಿಸಿದಳು.

ತಳದಲ್ಲಿ ಅವಳ ಬೆರಳಿಗೆ ಇನ್ನೊಂದು ಕೈ ಸಿಕ್ಕಿತು. ಮುಷ್ಟಿ ಕಟ್ಟಿದ ಕೈ. ಚರ್ಮ ಸಡಿಲ, ಗೆಣ್ಣು ದಪ್ಪ, ಹೆಬ್ಬೆರಳಿನ ಉಗುರಿನ ಪಕ್ಕ ಕುಡುಗೋಲು ತಗಲಿದ ಹಳೆ ಗಾಯದ ಗೀರು. ಎರಡು ಕೈ ಹಿಡಿಸುವ ಜಾಗ ಆ ಮಡಕೆಯಲ್ಲಿ ಇರಲಿಲ್ಲ. ಎದುರಿಗೆ ಕೂತವರೆಲ್ಲ ಅವಳನ್ನು ನೋಡುತ್ತಿದ್ದರು, ಮಡಕೆಯಲ್ಲಿ ಕೈ ಇಟ್ಟುಕೊಂಡು ಸುಮ್ಮನೆ ಕೂತ ಹೆಂಗಸು, ಅಷ್ಟೇ ಅವರಿಗೆ ಕಂಡದ್ದು.

ಅವಳ ಬೆರಳು ಅವತ್ತಿನ ಹಾಗೇ ಅಮ್ಮನ ಹೆಬ್ಬೆರಳನ್ನು ಹುಡುಕಿತು. ಅಲ್ಲಿಗೇ ನಿಲ್ಲಿಸಿದಳು. ಬಿಡಿಸಲಿಲ್ಲ. ಮುಷ್ಟಿಯ ಕೆಳಗೆ ಅಂಗೈ ಒಡ್ಡಿ ಕಾದಳು.

"ನೀನೇ ಕೊಡಮ್ಮ," ಎಂದಳು, ತನಗೆ ಮಾತ್ರ ಕೇಳುವಷ್ಟು.

ಎಷ್ಟು ಹೊತ್ತಾಯಿತೋ. ಆ ಮುಷ್ಟಿ ನಿಧಾನವಾಗಿ ತಾನಾಗಿಯೇ ಬಿಚ್ಚಿಕೊಂಡಿತು. ಬೆಚ್ಚಗಿನ ಬೀಜವೊಂದು ಅವಳ ಅಂಗೈಗೆ ಬಿತ್ತು. ಅದರ ಮೇಲೆ ಆ ಕೈ ಒಂದು ಕ್ಷಣ ಒತ್ತಿ ಹಿಡಿದು ಬಿಟ್ಟಿತು, ಪೇಟೆಗೆ ಹೊರಟ ಮಗುವಿನ ಕೈಗೆ ಏನನ್ನೋ ಕೊಟ್ಟು ಬೀಳಿಸಬೇಡ ಎಂದು ಮುಚ್ಚಿಸುವ ಹಾಗೆ.

ಅವಳು ಕೈ ಹೊರತೆಗೆದು ಎಲ್ಲರ ಎದುರಿಗೂ ಬಿಚ್ಚಿದಳು.

"ಒಂದು ಕರಿ," ಎಂದಳು. ಪುಸ್ತಕದಲ್ಲಿ ಹಾಗೇ ಬರೆದು, ಪೆನ್ನಿನ ಸಮೇತ ಅದನ್ನು ದರ್ಜಿಯ ಮುಂದೆ ತಳ್ಳಿದಳು. "ಬೇರೆಯವರನ್ನ ಆರಿಸೋ ತನಕ ನೀವು ಇಟ್ಟುಕೊಳ್ಳಿ. ಈಗ ಕೊಠಡಿಗೆ ಹಾಕಿ. ನಂಬರು ಮೊದಲಿಂದ ಕೂಗಿ."

ದರ್ಜಿ ಮೂಗಿನ ಮೇಲೆ ಕನ್ನಡಕ ಏರಿಸಿಕೊಂಡು "ಒಂದು" ಎಂದ. ಎಲ್ಲರೂ ಪುಸ್ತಕದಕ್ಕನ ಕಡೆ ತಿರುಗಿದರು. ಅವಳು ಬಾಯಿ ಬಿಡಲಿಲ್ಲ. ಯಾರೂ ಬಿಡಲಿಲ್ಲ. ಹೊರಗೆ ಯಾರದೋ ಸೈಕಲ್ ಹೋದ ಸದ್ದು ಕೇಳಿಸಿತು. ದರ್ಜಿ ಪುಸ್ತಕದಲ್ಲಿ ಒಂದು ಗೆರೆ ಎಳೆದು "ಎರಡು" ಎಂದ, ಸೂಲಗಿತ್ತಿ ಅಜ್ಜಿ "ಇದ್ದೀನಿ" ಎಂದಳು.

ಕೊಠಡಿಗೆ ಬಿದ್ದದ್ದು ಇಪ್ಪತ್ತಮೂರು ಬೀಜ, ಎಲ್ಲ ಬಿಳಿ. ನಾದಿನಿ ಬಂದು ಅವಳ ಭುಜ ಹಿಡಿದುಕೊಂಡಳು. ಜನ ಎದ್ದು ಮಾತಾಡುತ್ತ, ನಾಳೆಯೇ ಹಂಚು ಇಳಿಸೋಣ ಎನ್ನುತ್ತ ಚಾಪೆ ಸುತ್ತತೊಡಗಿದರು. ಅಮ್ಮ ಅವತ್ತು ಏಕೆ ಬೇಡ ಅಂದಳು, ಮಗಳು ಸಾಲದು ಅಂತಲೋ, ಪುಸ್ತಕ ಒಂದೇ ಮನೆಯಲ್ಲಿ ಉಳಿಯಬಾರದು ಅಂತಲೋ, ಅದು ಗೊತ್ತಾಗಲಿಲ್ಲ; ಇನ್ನು ಗೊತ್ತಾಗುವುದೂ ಇಲ್ಲ.

ಎಲ್ಲರೂ ಹೊರಗೆ ಹೋದ ಮೇಲೆ ಅವಳು ಮಡಕೆಯನ್ನು ಹತ್ತಿರ ಎಳೆದುಕೊಂಡು ಇನ್ನೊಂದು ಸಲ ಕೈ ಇಳಿಸಿದಳು. ತಳದವರೆಗೂ, ಸುತ್ತಲೂ ತಡಕಿದಳು. ತಣ್ಣನೆಯ ಮಣ್ಣು. ಬೇರೇನೂ ಸಿಗಲಿಲ್ಲ. ಅಮ್ಮ ಸತ್ತು ಮೂರು ವರ್ಷವಾದ ಮೇಲೆ, ಮಡಕೆಯಿಂದ ಕೈ ತೆಗೆಯದೆ, ಅವಳು ಮೊದಲ ಸಲ ಅತ್ತಳು.